ಉಯಿರು ಮಡಗಿದ ಮಾತು

ಪರದೆಯ ಮೇಲೆ ‘ನಿಜ ಘಟನೆ ಆಧಾರಿತ’ ಎಂಬ ಅಕ್ಷರಗಳು ಮೂಡಿದವು. ಕನ್ನಡ ಓದಲು ಬಾರದ ಗೋಕಿಲಾ ಪಕ್ಕದಲ್ಲಿದ್ದ ದಿವಾಕರ್ ಕಡೆ ವಾಲಿದಳು.

“ಏನುಂಗ ಬರ್ದವ್ರೆ?”

“ಇದೆಲ್ಲ ನಿಜವಾಗಿ ನಡೆದದ್ದು ಅಂತ.”

“ಮಾತೆಲ್ಲ ನೀವು ಬರ್ದಿದ್ದಲ್ವಾ? ಎಂಗೆ ನಂಬೋದು?” ಎಂದು ಹುಬ್ಬು ಹಾರಿಸಿದಳು.

ಬೇರೆ ದಿನವಾಗಿದ್ದರೆ ಅವನು ನಕ್ಕುಬಿಡುತ್ತಿದ್ದ. ಇಂದು ಕಣ್ಣು ತಪ್ಪಿಸಿ ಪಾಪ್‌ಕಾರ್ನ್ ಮುಂದೆ ಹಿಡಿದ. ಸಂಭಾಷಣೆ ಬರೆದವನಲ್ಲವೇ, ಮೊದಲ ದಿನದ ಭಯವಿರಬೇಕು ಎಂದುಕೊಂಡಳು ಹುಚ್ಚು ಹುಡುಗಿ.

ಅದು ಅವಳ ಅಮ್ಮ ರಾಮಾಯಿಯ ಕಥೆ. ತಮಿಳುನಾಡಿನ ಸೋಮನೂರಿನ ಒಂದು ಪವರ್‌ಲೂಮ್ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ಒಳಗಿದ್ದ ಒಡಿಶಾದ ಹುಡುಗಿಯರಿಗೆ ತಮಿಳೂ ಬಾರದು, ಕನ್ನಡವೂ ಬಾರದು. ರಾಮಾಯಿ ಮೆಯಿನ್ ಸ್ವಿಚ್ ಆರಿಸಿ, ಒದ್ದೆ ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ, ಕೈಗೆ ಕೈ ಹಿಡಿಸಿ ಎಲ್ಲರನ್ನೂ ಹೊರಗೆ ತಂದಿದ್ದಳು, ಒಂದು ಮಾತೂ ಆಡದೆ. ಆಮೇಲೆ ಜಗಲಿಯ ಮೇಲೆ ಕೂತು ಕಾಫಿ ಕೇಳಿದ್ದಳು.

ಪರದೆಯ ರಾಮಾಯಿ ಕೂದಲು ಬಿಚ್ಚಿ, ಹಣೆ ತುಂಬ ಕುಂಕುಮ ಬಳಿದುಕೊಂಡು, ಅರಚುತ್ತ ಕುಡುಗೋಲು ಬೀಸಿಕೊಂಡು ಬಂದಳು.

“ಇದ್ಯಾರು?”

“ನಿಮ್ಮಮ್ಮ.”

“ನಮ್ಮಮ್ಮ ತೆಂಗಿನಕಾಯಿ ಒಡೆಯೋಕೇ ಪಕ್ಕದ ಮನೆಯವ್ರನ್ನ ಕೂಗ್ತಾಳೆ. ಅವಳ ಕೈಗೆ ಅರುವಾ ಯಾಕುಂಗ ಕೊಟ್ರಿ?”

“ತಮಿಳುನಾಡಿನ ಹೆಂಗಸು ಅಂದ್ರೆ ಹೀಗಿದ್ರೇನೇ ಜನ ಒಪ್ಪೋದು ಅಂದ್ರು ಡೈರೆಕ್ಟರ್.”

“ನಾವು ಕನ್ನಡದವ್ರಲ್ವಾ?”

“ಅದನ್ನ ಅವರಿಗೆ ಅರ್ಥ ಮಾಡಿಸೋಕೆ ನನ್ನಿಂದ ಆಗ್ಲಿಲ್ಲ.”

ಅವಳು ಅದಕ್ಕೂ ನಕ್ಕಳು. ಅವನು ಪಕ್ಕದಲ್ಲಿದ್ದರೆ ಯಾವುದಕ್ಕೆ ಬೇಕಾದರೂ ನಗಬಲ್ಲಳು.

ಕನ್ನಡ ಅವಳಿಗೆ ಹೊಸ್ತಿಲ ಒಳಗಿನ ಮಾತು. ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲ ತಮಿಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವಳು ಅಮ್ಮ, ಅವಳಿಗೋ ಮಾತೇ ಕಡಿಮೆ. ಎಷ್ಟೋ ದಿನ ಗೋಕಿಲಾ ಕನ್ನಡದಲ್ಲಿ ಮಾತಾಡಿದ್ದು ‘ಊಟ ಆಯ್ತಾ’ ಎಂದಷ್ಟೇ. ಅಮ್ಮನ ಕಥೆ ಕೇಳಲು ತುಮಕೂರಿನಿಂದ ಬಂದ ದಿವಾಕರ್ ಅವಳ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳಿದ. ಏನ್ರೀ ಎನ್ನುವ ಕಡೆ ‘ಏನುಂಗ’ ಎಂದರೆ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ಅದಕ್ಕೇ ಬೇಕೆಂದೇ ಇನ್ನೂ ಎಳೆದು ಹೇಳುತ್ತಿದ್ದಳು.

ಒಂದು ಸಂಜೆ ಅಮ್ಮ ಮಗ್ಗ ನಿಲ್ಲಿಸಿ ಬರುವುದನ್ನು ಕಾಯುತ್ತ ಅವನೊಡನೆ ಶೆಡ್ಡಿನ ಬಾಗಿಲಲ್ಲಿ ನಿಂತಾಗ ತಡೆಯಲಾಗದೆ ಹೇಳಿಯೇಬಿಟ್ಟಳು.

“ನಿಮ್ಮ ಮೇಲೆ ಉಯಿರೇ ಮಡಗಿದೀನುಂಗ.”

ಪ್ರಾಣವನ್ನೇ ಇಟ್ಟಿದ್ದೇನೆ ಎಂದು. ಉಯಿರು ಬೀದಿಯ ತಮಿಳಿನದು, ಮಡಗುವುದು ಮನೆಯದು. ಅವನು ರೆಪ್ಪೆ ಬಡಿಯದೆ ಅವಳ ತುಟಿಯನ್ನೇ ನೋಡಿದ.

“ಇನ್ನೊಂದ್ಸಲ ಹೇಳಿ.”

ಸಂತೋಷ ತಾಳಲಾರದೆ ಅವಳು ಇನ್ನೊಮ್ಮೆ ಹೇಳಿದಳು. ಅವನು ಮಾತ್ರ ಏನೂ ಹೇಳಲಿಲ್ಲ. ನಾಚಿಕೆಯ ಸ್ವಭಾವ, ಒಂದಲ್ಲ ಒಂದು ದಿನ ಹೇಳುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಂದಿನಿಂದ ಕಾಯುತ್ತಲೇ ಇದ್ದಳು.

ಈಗ ಪರದೆಯ ಮೇಲೆ ತಲೆ ತುಂಬ ಮಲ್ಲಿಗೆ ಮುಡಿದ ಹುಡುಗಿ ಓಡಿಬಂದು, ನಾಯಕನ ಅಂಗಿ ಹಿಡಿದು ಕೀರಲು ದನಿಯಲ್ಲಿ ಕಿರುಚಿದಳು.

“ನಿಮ್ಮ ಮೇಲೆ ಉಯಿರೇ ಮಡಗಿದೀನುಂಗ!”

ಪಕ್ಕದಲ್ಲಿದ್ದ ಹಾಸ್ಯನಟ ಕೇಳಿದ: “ಎಲ್ಲಮ್ಮಾ ಮಡಗಿದ್ದೀಯ? ಬೀರುವಿನಲ್ಲಾ?”

ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನ ಹೆಂಗಸೊಬ್ಬಳು ಮಕ್ಕಳಿಗೆ ಅದೇ ಮಾತನ್ನು ರಾಗವಾಗಿ ಹೇಳಿ ನಗಿಸಿದಳು. ಗೋಕಿಲಾಳಿಗೆ ಮೈಮೇಲಿನ ಬಟ್ಟೆ ಯಾರೋ ಎಳೆದಂತಾಯಿತು. ದಿವಾಕರ್ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ಮೊದಲೇ ಗೊತ್ತಿತ್ತು.

ಸಿನಿಮಾ ಮುಗಿದ ಮೇಲೆ ಇಬ್ಬರೂ ಗಾಂಧಿಪುರಂ ಬಸ್ ಸ್ಟ್ಯಾಂಡಿಗೆ ನಡೆದು ಬಂದರು.

“ನಾನು ಅದನ್ನ ಕಾಮಿಡಿಗೆ ಬರೀಲಿಲ್ಲ, ಗೋಕಿಲಾ,” ಎಂದ ಕೊನೆಗೆ. “ಇಡೀ ಸಿನಿಮಾದಲ್ಲಿ ಚಂದದ ಮಾತು ಅದೇ ಆಗಿತ್ತು. ಅವರು ಹಾಳು ಮಾಡಿದ್ರು.”

“ಚಂದ ಇರ್ಲಿ. ನಾನು ಅದನ್ನ ನಿಮಗೆ ಹೇಳಿದ್ದು.”

“ಗೊತ್ತು.”

“ಇನ್ನೊಂದ್ಸಲ ಹೇಳಿ ಅಂದ್ರಲ್ಲ, ನಾನು ಏನೇನೋ ಅಂದ್ಕೊಂಡೆ. ಪದ ಸರಿಯಾಗಿ ಹಿಡಿಯೋಕೆ ಕೇಳಿದ್ರಿ, ಅಷ್ಟೇ ಅಲ್ವಾ?”

ಇಲ್ಲವೆನ್ನಬಹುದಿತ್ತು. ಅವನು ಸುಳ್ಳು ಹೇಳಲಿಲ್ಲ, ಅದೊಂದಕ್ಕೆ ಅವನನ್ನು ಮೆಚ್ಚಬೇಕು.

“ಆವತ್ತು ಅಷ್ಟೇ. ಈಗ ಹಾಗಲ್ಲ. ನಾನು ನಿಮ್ಮನ್ನ ಪ್ರೀತಿಸ್ತೀನಿ. ನಾಳೆನೇ ಬಂದು ಅಮ್ಮನ್ನ ಕೇಳ್ತೀನಿ.”

ಇಷ್ಟು ದಿನ ಕಾದ ಮಾತು ಬಂದೇಬಿಟ್ಟಿತು. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳಲ್ಲವೆಂದು ಅವಳಿಗೂ ತಿಳಿಯಿತು. ಅವನು ಚಾಚಿದ ಕೈಯನ್ನು ಹಿಡಿಯಬೇಕೆನಿಸಿತು. ಉತ್ತರ ಹೇಳಲು ಬಾಯಿ ತೆರೆದಳು. ಆದರೆ ಅವನು ಮತ್ತೆ ಅವಳ ತುಟಿಯನ್ನೇ ನೋಡುತ್ತಿದ್ದ. ಯಾವ ಮಾತು ಬಾಯಿಗೆ ಬಂದರೂ ಇವನು ಅದನ್ನು ಹೇಗೆ ಕೇಳಿಸಿಕೊಂಡಾನು ಎಂಬ ಯೋಚನೆ ಅಡ್ಡ ಬಂತು.

ಸೋಮನೂರಿನ ಬಸ್ಸು ಬಂದು ನಿಂತಿತು. ಗೋಕಿಲಾ ಬ್ಯಾಗ್ ಹೆಗಲಿಗೇರಿಸಿ, ಕಂಪೆನಿಯ ಸೂಪರ್‌ವೈಸರ್ ಮುಂದೆ ನಗುವ ಹಾಗೆ ನಕ್ಕಳು.

“ಪರವಾಯಿಲ್ಲೀಂಗ ಸಾರ್. ನೇರಮಾಚ್ಚು. ನೀಂಗ ಕೆಳಂಬುಂಗ.”

ಪರವಾಗಿಲ್ಲ ಸಾರ್, ಹೊತ್ತಾಯಿತು, ನೀವು ಹೊರಡಿ. ಅವಳು ಅವನೊಡನೆ ತಮಿಳಿನಲ್ಲಿ ಮಾತಾಡಿದ್ದು ಅದೇ ಮೊದಲು. ದಿವಾಕರ್‌ಗೆ ತನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿದಳೆಂದು ಅರ್ಥವಾಯಿತು. ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ಅವಳು ಕಿಟಕಿಯ ಪಕ್ಕ ಕೂತು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಖಂಡಿತ ಇಳಿದುಬಿಡುತ್ತಿದ್ದಳು. ಕಂಡಕ್ಟರ್ ಬಂದು ಎಷ್ಟು ಟಿಕೆಟ್ ಎಂದ. “ಸೋಮನೂರು ಒಣ್ಣು,” ಎನ್ನುವಷ್ಟರಲ್ಲಿ ಅವಳಿಗೆ ಅಳು ಒತ್ತರಿಸಿ ಬಂತು.