ಹಳದಿ ಗಾಜಿನ ಆಚೆ

"ಅಯ್ಯೋ ಜಾನ್ ಬೀ, ಏನ್ ಮಾಡ್ಬುಟ್ಟೆ!"

ಅಸದುಲ್ಲಾ ಕೂಗಿದ ರಭಸಕ್ಕೆ ಅವಳ ಕೈಲಿದ್ದ ತೆಂಗಿನನಾರು ಜಾರಿ ಬೂದಿಯೊಳಗೆ ಬಿತ್ತು. ಎಷ್ಟು ಆಸೆಯಿಂದ ಉಜ್ಜಿದ್ದಳು! ಮದ್ದೂರಿನ ಅರ್ಧ ಮನೆಗಳ ಹಿತ್ತಾಳೆ ಪಾತ್ರೆ ಕಲಾಯಿಗೆ ಬರುವುದು ಅವಳ ಅಬ್ಬಾ ಫಕ್ರುದ್ದೀನ್ ಹತ್ತಿರ. ಅವನ್ನು ಬೂದಿ, ಹುಣಸೆಹಣ್ಣು ಹಾಕಿ ಬೆಳಗುವುದು ಅವಳ ಕೆಲಸ. ಅದೇ ಉಪಚಾರವನ್ನು ಅಸದುಲ್ಲಾನ ಮೋಟಾರ್‌ಸೈಕಲ್ಲಿನ ಮುಂದಿನ ಗಾಜಿಗೂ ಮಾಡಿದ್ದಳು.

"ಹಳದಿ ಕಟ್ಟಿತ್ತು. ಕೊಳೆ ಅಂದ್ಕೊಂಡೆ."

"ಕೊಳೆಯಲ್ಲ ಕಣೇ, ವಯಸ್ಸು! ಇದು ಗಾಜೂ ಅಲ್ಲ, ಪ್ಲಾಸ್ಟಿಕ್ಕು. ಮಿಲಿಟರಿ ಹರಾಜಲ್ಲಿ ತಗೊಂಡ ಗಾಡಿ, ಯುದ್ಧದಲ್ಲಿ ಬಿಸಿಲು ಕುಡ್ದೂ ಕುಡ್ದೂ ಹಿಂಗಾಗೈತೆ."

ಈಗ ಅದು ತುಂಬಾ ಗೀರು ಬಿದ್ದು ಮಜ್ಜಿಗೆ ಎರಚಿದ ಹಾಗೆ ಬೆಳ್ಳಗಿತ್ತು. ಆಚೆಗೆ ಏನೂ ಕಾಣದು.

ಅವತ್ತೇ ಹನ್ನೊಂದು ಗಂಟೆಗೆ ಮಂಡ್ಯದಲ್ಲಿ ಇಂಜಿನಿಯರ್ ಸಾಹೇಬರು ಗಾಡಿ ನೋಡುವವರಿದ್ದರು. ಒಪ್ಪಿದರೆ ಮಳವಳ್ಳಿವರೆಗೆ ನಾಲೆಯ ಕಾಗದಪತ್ರ ಒಯ್ಯುವ ಕೆಲಸ. ಕೆಲಸ ಸಿಕ್ಕರೆ ಜಾನ್ ಬೀ ಅಸದುಲ್ಲಾನಿಗೆ. ಇಲ್ಲದಿದ್ದರೆ ಮಳವಳ್ಳಿಯ ಬಟ್ಟೆ ಅಂಗಡಿಯ ಸಂಬಂಧಕ್ಕೆ ಹೂಂ ಅನ್ನುವುದೇ ಎಂದು ಫಕ್ರುದ್ದೀನ್ ಖಡಾಖಂಡಿತವಾಗಿ ಹೇಳಿಯಾಗಿತ್ತು.

"ಬಿಚ್ಚಿ ಎಸೆದ್ರೆ?"

"ಮಳೇಲಿ ಕಾಗದ ನೆನೆಯುತ್ತೆ, ಗಾಜಿರೋ ಗಾಡೀನೇ ಬೇಕು ಅಂದವ್ರೆ."

ಜಾನ್ ಬೀ ತುಟಿ ಕಚ್ಚಿದಳು. ತಾಮ್ರದ ಮೇಲೆ ಗೀರು ಬಿದ್ದರೆ ಅವಳೇನು ಮಾಡುತ್ತಿದ್ದಳು? ನುಣುಪಾದ ಪುಡಿ ಹಾಕಿ ಉಜ್ಜಿ ಉಜ್ಜಿ ಗೀರನ್ನೇ ಸವೆಸುತ್ತಿದ್ದಳು. ಎದ್ದೋಡಿ ಸೀಮೆಸುಣ್ಣ ಅರೆದಳು, ಕೊಬ್ಬರಿ ಎಣ್ಣೆ ಬೆರೆಸಿದಳು, ತನ್ನ ಹಳೇ ದುಪಟ್ಟಾವನ್ನು ಎರಡು ಭಾಗವಾಗಿ ಹರಿದಳು.

"ಆ ಕಡೆ ನೀವು, ಈ ಕಡೆ ನಾನು. ಮೆತ್ತಗೆ!"

ಅಬ್ಬಾ ಬೆನ್ನು ತಿರುಗಿಸಿ ಕಲಾಯಿ ಒಲೆಯ ತಿದಿ ಒತ್ತುತ್ತಿದ್ದ. ಕಿವಿ ಮಾತ್ರ ಇತ್ತಲೇ.

ಅವಳ ಎದುರು ಮೊದಲು ಒಂದು ಮೀಸೆ ಮೂಡಿತು. ಆಮೇಲೆ ಗದ್ದದ ಬೆವರು. ಆಮೇಲೆ, ಯಾ ಅಲ್ಲಾ, ಎರಡು ಕಣ್ಣು. ಅವಳನ್ನೇ ನೋಡುತ್ತಿದ್ದವು!

"ಕೈ ಆಡ್ಸಿ."

"ಆಡಿಸ್ತಾ ಇದೀನಲ್ಲ."

"ನೀವು ಆಡಿಸ್ತಿರೋದು ಕಣ್ಣು."

ಅವನು ನಕ್ಕ. ನಗು ತಟ್ಟನೆ ಆರಿತು. "ಕೆಲಸ ಸಿಗದಿದ್ರೆ, ಜಾನ್?"

ಅವಳು ತಲೆ ಎತ್ತಲಿಲ್ಲ. "ನಿಮ್ಮ ಗಾಡಿ ಸದ್ದು ಶಿಂಷಾ ಸೇತುವೆ ಮೇಲೆ ಕೇಳಿದ್ರೇ ನನ್ನೆದೆ ಹೊಡ್ಕೊಳ್ತದೆ. ಅದನ್ನ ಯಾವ ಬೂದಿ ಹಾಕಿ ತಿಕ್ಕಿ ತೆಗೀಲಿ, ಹೇಳಿ?"

ತಿದಿ ನಿಂತಿತು. "ಲೇ ಅಸದುಲ್ಲಾ, ಹೊತ್ತಾಯ್ತು ಓಗ್ಲಾ!"

ಅಸದುಲ್ಲಾ ಗಾಡಿ ಹತ್ತಿ ಮಂಡ್ಯಕ್ಕೆ ಹಾರಿದ.

ಮಧ್ಯಾಹ್ನವೆಲ್ಲ ಅವಳು ಒಂದೇ ಚೊಂಬನ್ನು ಮೂರು ಸಲ ಬೆಳಗಿದಳು. ಕಡೆಗೂ ಸೇತುವೆಯ ಮೇಲೆ ಆ ಸದ್ದು! ಬಾಗಿಲಿಗೆ ಓಡಿದಳು. ಗಾಡಿ ಅವಳ ಮುಂದೆಯೇ ಬಂದು ನಿಂತಿತು.

"ಸಾಹೇಬ್ರು ಗಾಜಿನ ಹಿಂದೆ ಕಾಗದ ಹಿಡಿದು ಓದಿದ್ರು. ಹಳದಿ ಯಾಕಯ್ಯಾ ಅಂದ್ರು. ವಯಸ್ಸಾಗೈತೆ ಸಾರ್, ಕಣ್ಣು ಮಾತ್ರ ಚೆನ್ನಾಗೈತೆ ಅಂದೆ."

"ಆಮೇಲೆ?"

"ಸೋಮವಾರದಿಂದ ಬಾ ಅಂದ್ರು!"

ಜಾನ್ ಬೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಸೀಟಿನಿಂದ ಇಳಿಯದೆ ಗಾಜಿನೊಳಗಿಂದ ಅವಳನ್ನೇ ನೋಡಿದ.

"ಚಾಚಾ, ಒಂದ್ಸಲ ಇಲ್ಲಿಂದ ನೋಡಿ. ನಿಮ್ಮ ಮಗಳಿಗೆ ಆಗಲೇ ಮದುವೆ ಹಳದಿ ಹಚ್ಚಿದಂಗೆ ಕಾಣ್ತದೆ."

ಫಕ್ರುದ್ದೀನ್ ಇಕ್ಕಳ ಕೆಳಗಿಟ್ಟು ಬಂದು, ಬಗ್ಗಿ ನೋಡಿದ. ನೋಡುತ್ತಲೇ ನಿಂತ. ಕಣ್ಣಿಗೆ ಹೊಗೆ ಹೊಕ್ಕವನಂತೆ ಒರೆಸಿಕೊಂಡ.

"ಹಳದಿ ಹಚ್ಚಕ್ಕೆ ಮನೇಲಿ ಹೆಂಗಸ್ರು ಅವ್ರೆ ಕಣ್ಲಾ. ನೀನು ಓಗಿ ನಿಮ್ಮಮ್ಮನ ಕರ್ಕೊಂಡು ಬಾ."