ಬೆಚ್ಚಗಿದ್ದ ಗೋಡೆ

ಅಮೆರಿಕದ ನೆಬ್ರಾಸ್ಕಾ ಬಯಲಿಗೆ ನಾವು ಬಂದ ಮೊದಲ ಚಳಿಗಾಲದಲ್ಲಿ ನಡೆದದ್ದಿದು. ಮರವಿಲ್ಲದ ಸೀಮೆಯಾದ್ದರಿಂದ ಹುಲ್ಲು ಬೆಳೆದ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಿದ್ದೆವು. ಐದು ವರ್ಷ ಅಲ್ಲೇ ಬಾಳಿದರೆ ಮಾತ್ರ ಸರಕಾರ ಕೊಟ್ಟ ಜಮೀನು ನಮ್ಮದು.

ಒಂದು ಮಧ್ಯಾಹ್ನ ಹೊರಗೆ ಹಿಮ ಸುರಿಯುತ್ತಿತ್ತು. ಒಲೆಯಿಂದ ದೂರವಿದ್ದ ಗೋಡೆಗೆ ನನ್ನ ಕೈ ತಾಗಿತು. ಆಗ ತಾನೇ ಕರೆದ ಹಾಲಿನಷ್ಟು ಬೆಚ್ಚಗಿತ್ತು.

"ಗೋಡೆಗೆ ಜ್ವರ ಬಂತೇನೆ ಹುಲ್ಡಾ?" ಎಂದು ನನ್ನ ಗಂಡ ಆಂಟನ್ ನಕ್ಕ. ಕಿವಿಯಿಟ್ಟು ಕೇಳಿದ ಮೇಲೆ ನಗಲಿಲ್ಲ.

"ಒಳಗೆ ಯಾರೋ ಉಸಿರಾಡ್ತಿದಾರೆ ಕಣೆ."

ಗುದ್ದಲಿಯಿಂದ ಅಷ್ಟು ಜಾಗ ಕೆತ್ತಿ ತೆಗೆದ. ಒಳಗಿದ್ದದ್ದು ಬರೀ ಬೇರು. ಹೊರಗೆಸೆದ ಹೆಂಟೆಗಳ ಮೇಲೆ ಮೂರು ದಿನ ಬಿದ್ದ ಹಿಮವೆಲ್ಲ ಕರಗುತ್ತಲೇ ಇತ್ತು. ಹೊಸ ಹೆಂಟೆ ತುಂಬಿದೆವು. ಸಂಜೆಯೊಳಗೆ ಅದೂ ಬೆಚ್ಚಗಾಯಿತು.

"ವಾಪಸ್ ಹೋಗಿಬಿಡೋಣ," ಎಂದ.

"ನೀನು ಬೇಕಾದ್ರೆ ಹೋಗು. ನಂಗೆ ಒಳ್ಳೇದೇ ಆಯ್ತು," ಎಂದು ಬ್ರೆಡ್ಡಿಗೆ ನಾದಿದ ಹಿಟ್ಟಿನ ಪಾತ್ರೆಯನ್ನು ಆ ಗೋಡೆಗೆ ಒತ್ತಿ ಇಟ್ಟೆ. ಹಿಟ್ಟು ಅಷ್ಟು ಚೆನ್ನಾಗಿ ಎಂದೂ ಉಬ್ಬಿರಲಿಲ್ಲ.

ಜಮೀನು ನಮ್ಮದಾಯಿತು, ಮರದ ಮನೆಯೂ ಆಯಿತು. ಹಳೆಯದು ಕುಸಿದು ಆ ಗೋಡೆಯೊಂದೇ ಉಳಿದಿದೆ. ಹಿಮ ಬಿದ್ದಾಗ ದನಗಳು ಅದಕ್ಕೆ ಒತ್ತಿಕೊಂಡು ಸಾಲಾಗಿ ಮಲಗುತ್ತವೆ. ನಡುವೆ ಮಾತ್ರ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಬಿಟ್ಟಿರುತ್ತವೆ. ಎಷ್ಟು ಅಟ್ಟಿದರೂ ಅಲ್ಲಿ ಒಂದು ಕರುವೂ ಕಾಲಿಡುವುದಿಲ್ಲ.