ಮುಸುಕಯ್ಯನ ಮೂರು ಮೂಟೆಗಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಅನ್ನದ ಮೇಲೆ ಕೈಯಿಟ್ಟು ಆಣೆ ಮಾಡುತ್ತೇನೆ. ಹುಲಿಯ ಮೀಸೆ ಕಿತ್ತು ಹಲ್ಲುಕಡ್ಡಿ ಮಾಡಿಕೊಂಡವನು ನಿಮ್ಮ ಈ ಮಾವ. ಅಂಥವನಿಗೆ ಸುಳ್ಳಿನ ಹಂಗೇಕೆ?

ಬಹಳ ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಬೆಳ್ಗಲ್ಲು ಎಂಬ ರಾಜ್ಯವಿತ್ತು. ಅಲ್ಲಿಯ ಹೊಳೆದಂಡೆಯಲ್ಲಿ ಮಾಳಿ ಎಂಬ ಹೆಣ್ಣುಮಗಳಿದ್ದಳು. ಅವಳ ಗಂಡ ಬೊಪ್ಪ, ಹರಿಗೋಲು ನಡೆಸುವ ಅಂಬಿಗ. ಹೊಳೆಯ ಆಚೆ ಕರಿಗುಡ್ಡದ ಮೇಲೆ ಮುಸುಕಯ್ಯ ಎಂಬ ಮಾಂತ್ರಿಕ.

ಈ ಮುಸುಕಯ್ಯ ತಲೆಯಿಂದ ಕಾಲಿನವರೆಗೆ ಕರಿಕಂಬಳಿ ಹೊದ್ದೇ ಇರುತ್ತಿದ್ದ. ಅವನ ಮುಖ ಕಂಡವರಿಲ್ಲ. ಆ ಕಂಬಳಿಯ ಒಂದು ಚೂರು ಹರಿದು ಯಾರ ಮೇಲೆ ಎಸೆದರೂ ಅವರು ಮೂಟೆಯಾಗುತ್ತಿದ್ದರು. ಮೂಟೆಗೊಂದು ಹೆಸರಿನ ಚೀಟಿ ಕಟ್ಟಿ ಗುಡ್ಡದ ಮೇಲಿನ ತನ್ನ ಅರಮನೆಯಲ್ಲಿ ಜೋಡಿಸಿಡುತ್ತಿದ್ದ. ಸಿಕ್ಕಸಿಕ್ಕವರನ್ನೆಲ್ಲ ಹಿಡಿಯುತ್ತಿರಲಿಲ್ಲ ಮಹಾರಾಯ. ಮನೆಯಲ್ಲಿ ಯಾರಾದರೂ ದಾರಿ ಕಾಯುವಂಥವರನ್ನೇ ಹುಡುಕಿ ಹುಡುಕಿ ಹಿಡಿಯುತ್ತಿದ್ದ.

ಒಂದು ದಿನ ಆಚೆ ದಡಕ್ಕೆ ಹೋದ ಬೊಪ್ಪ ಬರಲಿಲ್ಲ. ಹರಿಗೋಲು ಮಾತ್ರ ಸುತ್ತುತ್ತ ಸುತ್ತುತ್ತ ತಾನೇ ಈಚೆಗೆ ಬಂತು.

ಮಾಳಿ ಕಾದಳು. ಮಳೆ ಬಂದು ಹೋಯಿತು, ಕಾದಳು. ಹೊಳೆ ತುಂಬಿ ಇಳಿಯಿತು, ಕಾದಳು. ಊಟದ ಹೊತ್ತಿಗೆ ಎರಡು ತಟ್ಟೆ ಇಡುತ್ತಿದ್ದಳು. ಅವನ ತಟ್ಟೆಗೆ ಬಿಸಿಮುದ್ದೆ ಹಾಕಿ, ಸಾರಿನಲ್ಲಿ ದಪ್ಪ ಮೀನಿನ ತುಂಡು ಹುಡುಕಿ ಬಡಿಸುತ್ತಿದ್ದಳು. ಆ ಖಾಲಿ ಮಣೆಯ ಕಡೆಯಿಂದ ಒಂದು ತಣ್ಣನೆಯ ಉಸಿರಿನಂಥದ್ದು ಬಂದು ತೋಳಿಗೆ ತಾಗುತ್ತಿತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡೇ ತಾನು ಉಣ್ಣುತ್ತಿದ್ದಳು.

ನೆರೆಮನೆಯ ಕಾಳಕ್ಕ ಇಣುಕಿ ನೋಡಿ, "ಯಾರಿಗೆ ಬಡಿಸ್ತೀಯೇ ಹುಚ್ಚಿ? ತಿಂದೂ ತಿಂದೂ ನಿಮ್ಮನೆ ಬೆಕ್ಕು ಬಾಗಿಲಲ್ಲಿ ಹಿಡಿಸ್ತಿಲ್ಲ" ಅಂದಳು.

"ಬೆಕ್ಕು ತಿಂದ್ರೆ ತಿನ್ಲಿ ಕಾಳಕ್ಕ. ತಟ್ಟೇನೇ ಇಡದಿದ್ರೆ ಅವರು ಬರೋದು ಎಲ್ಲಿಗೆ?"

ರಾಜ ಸುಮ್ಮನಿರಲಿಲ್ಲ. ಕರಿಗುಡ್ಡಕ್ಕೆ ಸೈನ್ಯ ಕಳಿಸಿದ, ಸೈನ್ಯ ಮೂಟೆಯಾಯಿತು. ಮಗನನ್ನು ಕಳಿಸಿದ, ರಾಜಕುಮಾರ ಮೂಟೆಯಾದ. ಮಂತ್ರಿಯನ್ನು ಕಳಿಸಿದ, ಅವನೂ ಮೂಟೆಯಾದ. ಮಂತ್ರಿ ಮೊದಲೇ ಹಾಗಿದ್ದದ್ದರಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ ಮಾಳಿ ಸೆರಗು ಸೊಂಟಕ್ಕೆ ಬಿಗಿದು ಹರಿಗೋಲು ಹತ್ತಿದಳು. ಹೊಳೆ ದಾಟಿ, ಗುಡ್ಡ ಹತ್ತಿ, ಅರಮನೆಯ ಬಾಗಿಲು ತಳ್ಳಿದಳು. ಕಣ್ಣು ಹಾಯುವಷ್ಟು ದೂರ ಮೂಟೆಗಳು. ಎದುರು ಗೋಡೆಯಲ್ಲಿ ಕಂಚಿನ ಹಲ್ಲಿಯೊಂದು. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ ಅನ್ನುತ್ತೇವಲ್ಲ, ಆ ಅರಮನೆಯಲ್ಲಿ ಅದೇ ಕಾನೂನು. ಕಂಚಿನ ಹಲ್ಲಿ ಯಾವುದಕ್ಕೆ ಲೊಚಗುಟ್ಟುತ್ತದೋ ಅದು ಇದೆ. ಹಲ್ಲಿ ಸುಮ್ಮನಾದರೆ, ಇಲ್ಲ. ಮುಸುಕಯ್ಯನಿಗೂ ಅದನ್ನು ಮೀರುವಂತಿರಲಿಲ್ಲ.

"ಏನಮ್ಮಾ, ಗಂಡ ಬೇಕಾ?" ಅಂದ ಮುಸುಕಯ್ಯ ಕಂಬಳಿಯೊಳಗಿನಿಂದ.

"ಬೇಕು."

"ಇಲ್ಲಿ ಮೂರು ಮೂಟೆ ಇವೆ. ಮೂರಕ್ಕೂ ಬೊಪ್ಪ ಅಂತಲೇ ಹೆಸರು. ಒಳಗೇನಿದೆ ಅಂತ ಸರಿಯಾಗಿ ಹೇಳು. ಮೂರೂ ಸರಿಯಾದರೆ ಅರಮನೆಯ ಮೂಟೆಗಳನ್ನೆಲ್ಲ ಬಿಚ್ಚುತ್ತೇನೆ. ಒಂದು ತಪ್ಪಿದರೂ ಮುಂದಿನ ಮೂಟೆ ನೀನೇ. ಹಲ್ಲಿಯನ್ನು ಬೇಕಾದರೆ ಕೇಳಿಕೋ."

ಮಾಳಿ ಮೊದಲನೆಯ ಮೂಟೆಯ ಮುಂದೆ ನಿಂತಳು. "ಹಲ್ಲಿಯಮ್ಮಾ, ಇದರೊಳಗೆ ವಸ್ತು ಇದೆಯಾ?"

ಲೊಚ್ ಅಂದಿತು ಹಲ್ಲಿ.

"ಇದು ಅವರೇ" ಅನ್ನಲು ಬಾಯಿ ತೆರೆದ ಮಾಳಿ ತಡೆದಳು. ಚೀಟಿಯಲ್ಲಿ ಬೊಪ್ಪ ಅಂತಿದ್ದರೇನು? ಗಂಡನನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವಳು ಕರೆಯುತ್ತಿದ್ದ ಹಾಗೆಯೇ ಕರೆದಳು: "ರೀ!"

"ಏನೇ? ಏನೇ? ಏನೇ? ಏನೇ?" ಮೂಟೆಯೊಳಗಿನಿಂದ ಒಂದರ ಹಿಂದೊಂದು ದನಿ ಹೊರಟಿತು.

ಮಾಳಿಗೆ ನಗು ಬಂತು. "ಒಬ್ಬರನ್ನು ಸಂಭಾಳಿಸೋದ್ರಲ್ಲೇ ನನಗೆ ಸಾಕಾಗಿತ್ತು. ಇದು ನಮ್ಮೋರಲ್ಲ. ಇದೊಂದು ಸಾಲು."

ಕಂಬಳಿ ಜಾರಿತು. ಒಳಗೆ ದಾರಕ್ಕೆ ಪೋಣಿಸಿದ ಮರದ ಬೊಂಬೆಗಳು ಸಾಲಾಗಿ ಕೂತಿದ್ದವು.

ಎರಡನೆಯ ಮೂಟೆ. "ಹಲ್ಲಿಯಮ್ಮಾ, ಇದರೊಳಗೆ ವಸ್ತು ಇದೆಯಾ?"

ಲೊಚ್.

"ರೀ!"

ಮೂಟೆ ಚಂಗನೆ ಎದ್ದಿತು. ಸೌದೆ ಒಡೆಯಿತು. ನೀರು ಸೇದಿತು. ಇಡೀ ಅರಮನೆ ಗುಡಿಸಿತು. ಬಂದು ಮತ್ತೆ ತನ್ನ ಜಾಗದಲ್ಲಿ ಕೂತಿತು. ನಿಜ ಹೇಳಬೇಕೆಂದರೆ ಮಾಳಿಗೆ ಒಂದು ಗಳಿಗೆ ಆಸೆಯಾಯಿತು. ಆಮೇಲೆ ತಲೆಯಾಡಿಸಿದಳು.

"ಒಂದೇ ಕೂಗಿಗೆ ಎದ್ದುಬಿಡೋದಾ? ನಮ್ಮೋರು 'ಬಂದೇ ಇರೇ' ಅಂತ ಹೊರಳಿ ಮಲಗೋ ಜನ. ಇದು ಮನುಷ್ಯನಲ್ಲ. ಕರೆದಾಗ ಕೆಲಸ ಮಾಡೋ ಮಂತ್ರ."

ಕಂಬಳಿ ಜಾರಿತು. ಗಾಳಿಯಲ್ಲಿ ಮಂತ್ರವೊಂದು ಬುಸುಗುಟ್ಟಿ ಆರಿಹೋಯಿತು.

ಮೂರನೆಯ ಮೂಟೆ. "ಹಲ್ಲಿಯಮ್ಮಾ, ಇದರೊಳಗೆ ವಸ್ತು ಇದೆಯಾ?"

ಲೊಚ್.

"ರೀ," ಅಂದಳು. ಉತ್ತರವಿಲ್ಲ. "ರೀ, ನಾನು." ಅಲುಗಾಟವಿಲ್ಲ.

ಸಾಲೂ ಅಲ್ಲ, ಮಂತ್ರವೂ ಅಲ್ಲ. ಮುನಿಸಿಕೊಂಡಾಗ ಬೊಪ್ಪ ಹೀಗೇ ಗೋಡೆ ಕಡೆ ತಿರುಗಿ ತುಟಿ ಬಿಗಿದುಕೊಳ್ಳುತ್ತಿದ್ದ.

"ಇನ್ನೇನು ಯೋಚನೆ?" ಮುಸುಕಯ್ಯ ಹತ್ತಿರ ಬಂದು ಪಿಸುಗುಟ್ಟಿದ. "ಹಲ್ಲಿಯೇ ಹೌದು ಅಂದಿದೆ. ಗಂಡ ಅನ್ನು. ಅಂದುಬಿಡು ತಾಯಿ, ಮನೆಗೆ ಹೋಗುವಿಯಂತೆ."

ಅನ್ನಬೇಕು ಅಂತಲೇ ಅವಳು ಬಗ್ಗಿದಳು. ಆಗ ಮೂಟೆಯಿಂದ ತಣ್ಣನೆಯ ಉಸಿರಿನಂಥದ್ದು ಬಂದು ತೋಳಿಗೆ ತಾಗಿತು. ಬಗ್ಗಿದ ಮಾಳಿ ನೆಟ್ಟಗಾದಳು. ಹೇಳಿದಳು:

"ಇದು ಅವರಲ್ಲ. ಇದು ಅವರು ಇಲ್ಲದೇ ಇರೋದು. ಇಂಥದ್ದೇ ಒಂದು ನಮ್ಮನೇಲೂ ಇದೆ. ದಿನಾ ಅದಕ್ಕೆ ಬಡಿಸಿದ್ದೀನಿ. ನನಗೆ ಗುರುತು ಸಿಗಲ್ವಾ?"

ಕಂಬಳಿ ಜಾರಿತು. ಅದರಡಿ ಬರಿನೆಲ.

ಮಾಳಿ ಗೋಡೆಯ ಕಡೆ ತಿರುಗಿದಳು. "ಏನೂ ಇಲ್ಲದ್ದಕ್ಕೆ ಯಾಕೆ ಲೊಚಗುಟ್ಟಿದೆ ಹಲ್ಲಿಯಮ್ಮಾ? ನೀನೂ ಸುಳ್ಳು ಹೇಳ್ತೀಯಾ?"

ಕಂಚಿನ ಹಲ್ಲಿ ಅಂದು ಬಾಯಿಬಿಟ್ಟು ಮಾತಾಡಿತು. "ಸುಳ್ಳಲ್ಲ ಮಗಳೇ. ಒಬ್ಬರಿಗೆ ಅಂತ ಇನ್ನೊಬ್ಬರು ಜಾಗ ಖಾಲಿ ಬಿಟ್ಟು ಕಾದಿದ್ದರೆ, ಆ ಖಾಲಿಯೂ ಒಂದು ವಸ್ತುವೇ. ಅದಕ್ಕೂ ತೂಕವಿದೆ. ಯಾರೂ ಕಾಯದ ಖಾಲಿಗೆ ಮಾತ್ರ ನಾನು ಸುಮ್ಮನಾಗುವುದು."

"ಮೂರೂ ಸರಿಯಾಯ್ತಲ್ಲ, ಎಲ್ಲರನ್ನೂ ಬಿಚ್ಚು" ಅಂದಳು ಮಾಳಿ ಮಾಂತ್ರಿಕನಿಗೆ.

"ಬಿಚ್ಚುವುದಿಲ್ಲ, ಹೋಗೇ!" ಮುಸುಕಯ್ಯ ಕಂಬಳಿಯ ಚೂರು ಹರಿದು ಕೈಯೆತ್ತಿದ. "ಅವರ ಮನೆಗಳಲ್ಲಿ ಈ ಹೊತ್ತಿಗೂ ದೀಪ ಹಚ್ಚಿಟ್ಟು ಕಾಯುತ್ತಾರೆ. ಕಾಯಲಿ!"

ಆ ದನಿಯಲ್ಲಿ ಸಿಟ್ಟಿಗಿಂತ ಹೊಟ್ಟೆಯುರಿ ಹೆಚ್ಚಿತ್ತು. ಮಾಳಿ ಅದನ್ನು ಗುರುತಿಸಿದಳು. ಮೆಲ್ಲಗೆ ಕೇಳಿದಳು: "ನಿನಗೆ ಯಾರೂ ಕಾಯ್ತಿಲ್ವಾ ಅಯ್ಯಾ?"

ಎತ್ತಿದ ಕೈ ಅಲ್ಲೇ ನಿಂತಿತು.

"ಹಲ್ಲಿಯಮ್ಮಾ, ಈ ಕರಿಕಂಬಳಿಯೊಳಗೆ ವಸ್ತು ಇದೆಯಾ?"

ಹಲ್ಲಿ ಸುಮ್ಮನಿತ್ತು.

ಮುಸುಕಯ್ಯ ಗೋಡೆಯನ್ನೇ ನೋಡುತ್ತ ನಿಂತ. ಒಂದು ಸಲ ಲೊಚ್ ಅನ್ನಲಿ ಎಂದು ಅವನೂ ಕಾದ. ಹಲ್ಲಿ ಸುಮ್ಮನೇ ಇತ್ತು. ಕರಿಕಂಬಳಿ ನಿಧಾನವಾಗಿ ಕುಸಿದು ನೆಲಕ್ಕೆ ಬಿತ್ತು. ಒಳಗೆ ಯಾರೂ ಇರಲಿಲ್ಲ. ಯಾವ ಕಾಲದಿಂದ ಇರಲಿಲ್ಲವೋ.

ಅದು ಬಿದ್ದದ್ದೇ ತಡ, ಅರಮನೆಯ ಮೂಟೆಗಳ ಮೇಲಿನ ಕಂಬಳಿ ಚೂರುಗಳೆಲ್ಲ ಸರಸರ ಜಾರಿದವು. ಸೈನಿಕರು ಎದ್ದರು, ರಾಜಕುಮಾರ ಎದ್ದ, ಮಂತ್ರಿಯನ್ನು ನಾಲ್ಕು ಜನ ಹಿಡಿದು ಎಬ್ಬಿಸಿದರು. ಎಲ್ಲರೂ ತಮ್ಮ ತಮ್ಮ ಊರಿನ ದಿಕ್ಕಿಗೆ ಓಡಿದರು. ಗದ್ದಲ ಕರಗಿದ ಮೇಲೆ, ದೂರದ ಕಂಬದ ಬುಡದಲ್ಲಿ ಒಬ್ಬ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದ.

"ಹೊಳೆ ಹೆಂಗೆ ದಾಟಿದೆಯೇ?" ಅಂದ ಬೊಪ್ಪ.

"ನಾನೇ ಹುಟ್ಟು ಹಾಕ್ಕೊಂಡು ಬಂದೆ."

"ಬುಗುರಿ ಥರ ಸುತ್ತಿಸ್ಕೊಂಡು ಬಂದಿರ್ತೀಯ."

"ಬಂದೆನಲ್ಲ" ಅಂದಳು ಮಾಳಿ. ಅವಳು ಅಳಲಿಲ್ಲ. ಅವನ ತಲೆಗೆ ಅಂಟಿದ್ದ ಕಂಬಳಿಯ ನೂಲು ಒಂದೊಂದಾಗಿ ತೆಗೆದಳು, ಅಷ್ಟೆ.

ಅಲ್ಲಿಂದ ಮುಂದೆ ಬೆಳ್ಗಲ್ಲಿನಲ್ಲಿ ಹೋದವರು ಹೊತ್ತಿಗೆ ಸರಿಯಾಗಿ ಮನೆಗೆ ಬಂದರು, ಕಾದವರು ಬಿಸಿಬಿಸಿ ಉಂಡರು, ಎಲ್ಲರೂ ಸುಖವಾಗಿದ್ದರು. ಕಂಚಿನ ಹಲ್ಲಿಯ ವಂಶ ಈಗ ಕಂಪ್ಯೂಟರಿನೊಳಗೆ ಸೇರಿಕೊಂಡಿದೆ. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವವರನ್ನು ಕೇಳಿ ನೋಡಿ. ಹೆಸರೊಂದನ್ನು ತೋರಿಸಿ ಇದರೊಳಗಿರುವುದು ಯಾವ ಬಗೆ ಅಂದರೆ, ಅದು ಸಾಲಿಗೂ ವಸ್ತು ಅನ್ನುತ್ತದೆ, ಬೇಕೆಂದೇ ಖಾಲಿ ಇಟ್ಟದ್ದಕ್ಕೂ ವಸ್ತು ಅನ್ನುತ್ತದೆ. ಅವರು ತಲೆ ಚಚ್ಚಿಕೊಂಡು, ಮಾಳಿಯ ಹಾಗೆ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಯಾಕೆ ಹೀಗೆ ಅಂತ ಅವರಿಗೆ ಗೊತ್ತಿಲ್ಲ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಆಣೆ ಮಾಡಿದ ಮೇಲೆ ಮುಚ್ಚಿಡಬಾರದು. ಒಂದೇ ಒಂದು ಸಣ್ಣ ಸಂಗತಿ ನಾನು ಸೇರಿಸಿದ್ದು. ಗಂಡನನ್ನು ಕಂಡಾಗ ಮಾಳಿ ಅಳಲಿಲ್ಲ ಅಂದೆನಲ್ಲ, ಅತ್ತಳು. ಹರಿಗೋಲು ಈಚೆ ದಡ ಮುಟ್ಟುವವರೆಗೂ ಅತ್ತಳು.